ಹಿರಿಯರೊಂದಿಗೆ ಬೇಲೂರು, ಹಳೇಬೀಡು: ಆಯಾಸವಿಲ್ಲದ ಒಂದು ದಿನದ ಪ್ರವಾಸಕ್ಕೆ ಮಾರ್ಗದರ್ಶಿ

‘ಅಮ್ಮನಿಗೆ ಮಂಡಿನೋವು, ಬೇಲೂರು ಹಳೇಬೀಡು ತೋರಿಸಬಹುದೇ?’ ‘ಅಪ್ಪನಿಗೆ ಎಪ್ಪತ್ತೆಂಟು, ಅಲ್ಲಿ ಎಷ್ಟು ಮೆಟ್ಟಿಲು ಹತ್ತಬೇಕು?’ ‘ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲ ಎರಡಕ್ಕೆ ನನ್ನ ಉತ್ತರ: ಧಾರಾಳವಾಗಿ ಕರೆದೊಯ್ಯಿರಿ. ಮೂರನೆಯದಕ್ಕೆ: ದಯವಿಟ್ಟು ಬೇಡ.

ಹೊಯ್ಸಳರ ಗುಡಿಗಳು ವಯಸ್ಸಾದವರಿಗೆ ಹೇಳಿ ಮಾಡಿಸಿದಂಥವು. ಇಲ್ಲಿ ಬೆಟ್ಟ ಹತ್ತಬೇಕಿಲ್ಲ, ಮೈಲುಗಟ್ಟಲೆ ನಡೆಯಬೇಕಿಲ್ಲ. ನಿಂತ ಜಾಗದಲ್ಲೇ ಅರ್ಧ ಗಂಟೆ ನೋಡುವಷ್ಟು ಕೆತ್ತನೆ ಗೋಡೆಯಲ್ಲಿ ತುಂಬಿದೆ. ಬೇಲೂರಿನ ಚೆನ್ನಕೇಶವನನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಅದರ ಬೆನ್ನಿಗೇ ಆರಂಭವಾಯಿತು. 2023ರಲ್ಲಿ ಈ ಎರಡೂ, ಸೋಮನಾಥಪುರವೂ ಸೇರಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬಂದ ಮೇಲೆ ಜನಸಂದಣಿ ಹೆಚ್ಚಿದೆ. ಹಾಗಾಗಿ ಹಿಂದಿನಂತೆ ‘ಹೋದಾಗ ನೋಡಿಕೊಳ್ಳೋಣ’ ಎಂದು ಹೊರಟರೆ ಹಿರಿಯರು ದಣಿಯುತ್ತಾರೆ.

ದಣಿವಿಗೆ ಕಾರಣ ವಯಸ್ಸಲ್ಲ, ನಾವು ಹಾಕುವ ಯೋಜನೆ. ನಾವು ದೂರವನ್ನು ಕಿಲೋಮೀಟರಿನಲ್ಲಿ ಎಣಿಸುತ್ತೇವೆ. ಹಿರಿಯರ ಪ್ರವಾಸವನ್ನು ಎಣಿಸಬೇಕಾದದ್ದು ಮೆಟ್ಟಿಲು, ನೆರಳು, ಕೂರುವ ಜಾಗ ಮತ್ತು ಶೌಚಾಲಯಗಳಲ್ಲಿ. ಕೆಳಗಿನ ಕ್ರಮವನ್ನು ಈ ನಾಲ್ಕರ ಮೇಲೆಯೇ ಕಟ್ಟಿದ್ದೇನೆ.

1. ಹಿಂದಿನ ದಿನವೇ ಹಾಸನ ಸೇರಿ

ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿ.ಮೀ. ಅಲ್ಲಿಂದ ಬೇಲೂರಿಗೆ ಇನ್ನೂ 40 ಕಿ.ಮೀ. ಒಂದೇ ದಿನದಲ್ಲಿ ಹೋಗಿ ಬಂದರೆ ಕಾರಿನಲ್ಲೇ ಎಂಟು ಒಂಬತ್ತು ಗಂಟೆ ಕಳೆಯಬೇಕು. ಸೊಂಟ ಹಿಡಿದುಕೊಂಡ ಮೇಲೆ ಶಿಲಾಬಾಲಿಕೆಯ ಚೆಲುವು ಯಾರಿಗೂ ಕಾಣುವುದಿಲ್ಲ. ಹಿಂದಿನ ಸಂಜೆ ಹಾಸನಕ್ಕೆ ಬಂದು ಮಲಗಿ. ಬೆಂಗಳೂರಿನವರಿಗೆ ರೈಲು ಒಳ್ಳೆಯದು. ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹೋಗುವ ನೇರ ಮಾರ್ಗ 2017ರಲ್ಲಿ ತೆರೆದ ಮೇಲೆ ಪ್ರಯಾಣ ಸಲೀಸಾಗಿದೆ. ರೈಲಿನಲ್ಲಿ ಎದ್ದು ಓಡಾಡಬಹುದು, ಶೌಚಾಲಯವಿದೆ. ಕಾರಿನಲ್ಲಿ ಈ ಎರಡೂ ಇಲ್ಲ.

ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ., ಹಳೇಬೀಡಿನಿಂದ ಹಾಸನಕ್ಕೆ ಸುಮಾರು 31 ಕಿ.ಮೀ. ಅಂದರೆ ಹಾಸನದಿಂದ ಹೊರಟು ಒಂದು ತ್ರಿಕೋನ ಸುತ್ತಿ ಹಾಸನಕ್ಕೇ ಮರಳುತ್ತೀರಿ. ಇಡೀ ದಿನದ ಪ್ರಯಾಣ ತೊಂಬತ್ತು ಕಿ.ಮೀ. ಒಳಗೆ ಮುಗಿಯುತ್ತದೆ.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಪ್ರವಾಸ ಬಸ್ಸುಗಳಿವೆ. ಹರೆಯದವರಿಗೆ ಅದು ಸರಿ, ಹಿರಿಯರಿಗೆ ಅಲ್ಲ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಡೋಲಿಯಲ್ಲಿ ಹೊತ್ತೊಯ್ಯುವವರು ಸಿಗುತ್ತಾರೆ, ನಿಜ. ಆದರೆ ಗೊಮ್ಮಟನಿಗೆ ಬೇರೆಯೇ ಒಂದು ದಿನ ಕೊಡಿ.

2. ದಿನವನ್ನು ಆರಿಸಿಕೊಳ್ಳಿ

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಮಳೆಗಾಲದಲ್ಲಿ ಹಸಿರು ಚೆನ್ನ, ಕಲ್ಲು ಅಪಾಯ. ಈ ಗುಡಿಗಳು ಬಳಪದ ಕಲ್ಲಿನವು, ಅಂದರೆ ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ನುಣುಪು ಕಲ್ಲು. ಒಂಬೈನೂರು ವರ್ಷ ಕಾಲು ಸವೆಸಿದ ಈ ನುಣುಪಿನ ಮೇಲೆ ನೀರು ಬಿದ್ದರೆ ಸಾಬೂನು ಹಚ್ಚಿದಂತಾಗುತ್ತದೆ.

ಶನಿವಾರ, ಭಾನುವಾರ ಮತ್ತು ಸಾಲು ರಜೆಗಳು ಬೇಡ. ಶುಕ್ರವಾರವೂ ಬೇಡ, ಏಕೆಂದರೆ ಹಳೇಬೀಡಿನ ಪುರಾತತ್ವ ವಸ್ತು ಸಂಗ್ರಹಾಲಯಕ್ಕೆ ಅಂದು ರಜೆ. ಡಿಸೆಂಬರ್, ಜನವರಿಯಲ್ಲಿ ವಾರದ ನಡುವೆಯೂ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಮಕ್ಕಳ ಗುಂಪು ಎದುರಾದರೆ ಹಿರಿಯರನ್ನು ಗೋಡೆಯ ಕಡೆಗೆ ನಿಲ್ಲಿಸಿ, ಐದು ನಿಮಿಷ ಕಾಯಿರಿ. ಗುಂಪು ಬಂದಷ್ಟೇ ಬೇಗ ಹೋಗುತ್ತದೆ. ಚೈತ್ರದಲ್ಲಿ ಬೇಲೂರಿನ ತೇರು ಕಣ್ಣಿಗೆ ಹಬ್ಬವೇ, ಆದರೆ ಆ ನೂಕುನುಗ್ಗಲಿನಲ್ಲಿ ಶಿಲ್ಪ ನೋಡಲಾಗದು.

3. ಎರಡು ವಾರ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ

ಎರಡೂ ಗುಡಿಗಳು ಜಗತಿಯ ಮೇಲೆ ನಿಂತಿವೆ. ಜಗತಿ ಎಂದರೆ ಗುಡಿಯ ಸುತ್ತ ಪ್ರದಕ್ಷಿಣೆ ಹಾಕಲು ಅನುವಾಗುವಂತೆ, ಗುಡಿಯ ಆಕಾರದಲ್ಲೇ ಹಾಸಿದ ಎತ್ತರದ ಕಟ್ಟೆ. ಅದನ್ನು ಹತ್ತಲು ಮೆಟ್ಟಿಲುಗಳು ಬಹಳವಿಲ್ಲ, ಆದರೆ ನಮ್ಮ ಮನೆಯ ಮೆಟ್ಟಿಲಿಗಿಂತ ಎತ್ತರ, ಅಂಚು ಸವೆದಿದೆ. ಒಳಗೆ ಹೋಗುವಾಗ ಎತ್ತರದ ಹೊಸ್ತಿಲುಗಳನ್ನೂ ದಾಟಬೇಕು.

ಆದ್ದರಿಂದ ಮನೆಯಲ್ಲೇ ನೋಡಿ: ಕಂಬಿ ಹಿಡಿಯದೆ, ನಿಮ್ಮ ಕೈ ಮಾತ್ರ ಹಿಡಿದು ಹತ್ತು ಮೆಟ್ಟಿಲು ಹತ್ತಿ ಇಳಿಯಲು ಸಾಧ್ಯವೇ? ಒಂದೆಡೆ ಹದಿನೈದು ನಿಮಿಷ ನಿಲ್ಲಬಲ್ಲರೇ? ಎರಡಕ್ಕೂ ಹೌದಾದರೆ ನಿಶ್ಚಿಂತೆಯಿಂದ ಹೊರಡಿ. ಇಳಿಯುವುದು ಕಷ್ಟವಾದರೆ ದಿನಕ್ಕೆ ಇಪ್ಪತ್ತು ನಿಮಿಷ ನಡಿಗೆ, ಜೊತೆಗೆ ಮೆಟ್ಟಿಲ ಅಭ್ಯಾಸ ಆರಂಭಿಸಿ. ಹೆಚ್ಚಿನವರು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಇಳಿಯುವಾಗ ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ಪಕ್ಕಕ್ಕೆ ಇರಬೇಕು. ಮೇಲಿನಿಂದ ತೋಳು ಹಿಡಿದು ಎಳೆಯಬಾರದು.

ನಡೆಯಲು ಆಗದವರಿಗೆ ಗಾಲಿಕುರ್ಚಿ ಒಯ್ಯಿರಿ, ಆದರೆ ಅದು ಜಗತಿಯ ಮೇಲಕ್ಕೆ ಹೋಗುತ್ತದೆ ಎಂದು ನಂಬಿ ಹೊರಡಬೇಡಿ. ಹತ್ತಲಾಗದವರಿಗೆ ಏನು ಮಾಡಬಹುದು ಎಂಬುದನ್ನು ಮುಂದೆ ಹೇಳುತ್ತೇನೆ. ಅವರನ್ನು ಮನೆಯಲ್ಲಿ ಬಿಟ್ಟು ಬರುವ ಅಗತ್ಯವಂತೂ ಇಲ್ಲ.

4. ಚೀಲದಲ್ಲಿ ಏನಿರಬೇಕು

ನೀರು, ತಿಂಡಿ, ಮಾತ್ರೆ ಎಂಬುದು ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ಮರೆತುಹೋಗುವವನ್ನು ಹೇಳುತ್ತೇನೆ.

- ದಪ್ಪ ಹತ್ತಿಯ ಕಾಲುಚೀಲ, ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುವಂಥದ್ದು. ಪಾದರಕ್ಷೆ ಹೊರಗೆ ಬಿಡಬೇಕು. ಬಿಸಿಲಿಗೆ ಕಲ್ಲು ಕಾಯುತ್ತದೆ, ಚಳಿಯಲ್ಲಿ ಕೊರೆಯುತ್ತದೆ. ನೈಲಾನ್ ಕಾಲುಚೀಲ ಜಾರುತ್ತದೆ, ಅದಕ್ಕಿಂತ ಬರಿಗಾಲೇ ವಾಸಿ.
- ಮಡಚುವ ಹಗುರ ಸ್ಟೂಲ್. ಕಾವಲಿನವರನ್ನು ಕೇಳಿ ಬಳಸಿ, ಶಿಲ್ಪಕ್ಕೆ ತಾಗದಂತೆ ಇಡಿ.
- ಪುಟ್ಟ ದುರ್ಬೀನು ಮತ್ತು ಕೈಗನ್ನಡಿ. ಏಕೆಂಬುದು ಮುಂದೆ ತಿಳಿಯುತ್ತದೆ.
- ಟಾರ್ಚ್. ಮೊಬೈಲಿನದು ಸಾಕು, ಆದರೆ ಮೊಬೈಲ್ ಹಿಡಿದ ಕೈ ಹಿರಿಯರನ್ನು ಹಿಡಿಯಲಾರದು ಎಂಬುದು ನೆನಪಿರಲಿ.
- ಒಂದು ಚೀಟಿ: ಹೆಸರು, ಕಾಯಿಲೆ, ಮಾತ್ರೆಗಳ ಹೆಸರು ಮತ್ತು ಹೊತ್ತು, ಮನೆಯವರ ಫೋನ್ ಸಂಖ್ಯೆ. ಅದು ಹಿರಿಯರ ಜೇಬಿನಲ್ಲಿರಲಿ, ನಿಮ್ಮ ಜೇಬಿನಲ್ಲಲ್ಲ. ತುರ್ತು ಆಂಬುಲೆನ್ಸ್‌ಗೆ 108.

ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು, ಬಿಸಿಲಿಗೆ ಕೆಡುತ್ತದೆ. ಇನ್ನು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸಿ ರಕ್ತದೊತ್ತಡ ಇಳಿಸುವ ಮಾತ್ರೆ. ದಾರಿಯಲ್ಲಿ ತೊಂದರೆಯಾದೀತೆಂದು ಇದನ್ನು ತಾವಾಗಿಯೇ ಬಿಟ್ಟುಬಿಡುವ ಹಿರಿಯರು ಅನೇಕರು. ಅದಕ್ಕಿಂತ ಅಪಾಯಕಾರಿ, ನೀರು ಕುಡಿಯುವುದನ್ನೇ ನಿಲ್ಲಿಸುವುದು. ಕೇಳಿದರೆ ‘ಬಾಯಾರಿಕೆ ಇಲ್ಲ’ ಎನ್ನುತ್ತಾರೆ, ಶೌಚಾಲಯದ ಸಂಕೋಚ ಎಂದು ಹೇಳುವುದಿಲ್ಲ. ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ಶೌಚಾಲಯ ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಹೊರಡುವ ಮೊದಲೇ ಅವರಿಗೆ ಬಿಡಿಸಿ ಹೇಳಿ. ಆಗ ನೀರು ತಾನಾಗಿ ಕುಡಿಯುತ್ತಾರೆ.

5. ವಾಹನ

ಸೀಟಿನ ಎತ್ತರ ನಿಂತವರ ಸೊಂಟದ ಮಟ್ಟಕ್ಕಿರಬೇಕು. ತೀರಾ ತಗ್ಗಿನ ಕಾರಿನಿಂದ ಏಳುವುದೂ, ಎತ್ತರದ ವ್ಯಾನಿಗೆ ಹತ್ತುವುದೂ ಮಂಡಿಗೆ ಸಮಾನ ಶಿಕ್ಷೆ. ಮೊದಲು ಸೀಟಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಲು ಹೇಳಿ. ಚಾಲಕರಿಗೆ ಎರಡು ಮಾತು ಮೊದಲೇ ಹೇಳಿಡಿ: ಬಾಗಿಲ ಹತ್ತಿರ ಇಳಿಸಿ ಆಮೇಲೆ ವಾಹನ ನಿಲ್ಲಿಸಲು ಹೋಗಬೇಕು, ಫೋನ್ ಎತ್ತುವಷ್ಟು ಸಮೀಪದಲ್ಲಿರಬೇಕು.

6. ಬೆಳಿಗ್ಗೆ ಬೇಲೂರು: ಎಂಟೂವರೆಯಿಂದ ಹನ್ನೊಂದು

ಬೇಲೂರಿಗೆ ಬೆಳಿಗ್ಗೆಯೇ ಹೋಗಬೇಕೆಂಬುದಕ್ಕೆ ಎರಡು ಕಾರಣಗಳಿವೆ. ಇಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಹಿರಿಯರಿಗೆ ಶಿಲ್ಪಕ್ಕಿಂತ ಕೇಶವನ ದರ್ಶನ ದೊಡ್ಡದು. ಮುಚ್ಚಿದ ಬಾಗಿಲ ಮುಂದೆ ಅವರನ್ನು ನಿಲ್ಲಿಸಬೇಡಿ. ಎರಡನೆಯದು, ಅಂಗಳದ ಕಲ್ಲುಹಾಸು ಇನ್ನೂ ತಂಪಾಗಿರುತ್ತದೆ.

ಗೋಪುರದ ಬಾಗಿಲಿಗೆ ಬರುವ ಮೊದಲೇ ಹೊರಗಿನ ಶೌಚಾಲಯಕ್ಕೆ ಹೋಗಿಬರಲಿ. ಒಳಗೆ ಬಂದ ಕೂಡಲೇ ಮೆಟ್ಟಿಲ ಕಡೆ ನಡೆಸಬೇಡಿ. ಪ್ರಾಕಾರದ ಮಂಟಪದ ನೆರಳಿನಲ್ಲಿ ಹತ್ತು ನಿಮಿಷ ಕೂರಿಸಿ. ಗುಡಿಯ ಪೂರ್ಣ ಆಕಾರ ಕಣ್ಣಿಗೆ ಸಿಗುವುದು ಅಲ್ಲಿಂದಲೇ.

ಮಾರ್ಗದರ್ಶಕರು ಬೇಕೆಂದರೆ ಗುರುತಿನ ಚೀಟಿ ಇರುವವರನ್ನೇ ಕರೆದುಕೊಳ್ಳಿ, ಹಣವನ್ನೂ ಮೊದಲೇ ಮಾತಾಡಿಕೊಳ್ಳಿ. ಹಣಕ್ಕಿಂತ ಮುಖ್ಯವಾದ ಮಾತು ಇದು: ‘ನಮಗೆ ಎಲ್ಲವೂ ಬೇಡ. ಹತ್ತು ಶಿಲ್ಪ ಸಾಕು, ನಿಧಾನವಾಗಿ ಹೇಳಿ, ಇವರ ಬಲಗಿವಿ ಚೆನ್ನಾಗಿ ಕೇಳುತ್ತದೆ, ಆ ಕಡೆ ನಿಲ್ಲಿ.’ ಇದನ್ನು ಹೇಳದಿದ್ದರೆ ಅವರು ರೂಢಿಯಂತೆ ನಲವತ್ತು ನಿಮಿಷದಲ್ಲಿ ಇಡೀ ಗುಡಿ ಸುತ್ತಿಸುತ್ತಾರೆ.

ಒಳಗೆ ಹೋಗುವಾಗ ಎಲ್ಲರೂ ಎಡವುವ ಜಾಗ ನವರಂಗದ ಬಾಗಿಲು. ನವರಂಗ ಎಂದರೆ ಗರ್ಭಗುಡಿಯ ಮುಂದಿರುವ ಕಂಬಗಳ ಹಜಾರ. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕತ್ತಲು. ವಯಸ್ಸಾದ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಬಿಸಿಲಿಗೆ ಕಪ್ಪಾಗುವ ಕನ್ನಡಕವಿದ್ದರೆ ಅದು ತಿಳಿಯಾಗುವವರೆಗೂ ಏನೂ ಕಾಣದು. ಹೊಸ್ತಿಲು ದಾಟಿಸಿ, ಪಕ್ಕಕ್ಕೆ ಸರಿಸಿ, ಮೂರು ನಿಮಿಷ ಅಲ್ಲೇ ನಿಲ್ಲಿ. ಓದಲು ಕೆಳಗೆ, ದೂರಕ್ಕೆ ಮೇಲೆ ಎಂದು ಎರಡು ಭಾಗವಿರುವ ಕನ್ನಡಕದವರಿಗೆ ಇನ್ನೊಂದು ಎಚ್ಚರಿಕೆ: ಕೆಳಭಾಗದಿಂದ ನೋಡಿದರೆ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಗದ್ದವನ್ನು ಎದೆಗೆ ತಂದು, ಮೇಲಿನ ಭಾಗದಿಂದ ಕಾಲ ಬುಡ ನೋಡಿ ಹೆಜ್ಜೆ ಇಡಲಿ.

ಕತ್ತಲು ಹೊಂದಿದ ಮೇಲೆ ಕಂಬಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ತಿರುಗಣಿಯಲ್ಲಿ ಕಡೆದಂತೆ ನುಣುಪಾದವು ಕೆಲವು, ಮೈತುಂಬ ಕಿರುಶಿಲ್ಪ ಹೊತ್ತ ನರಸಿಂಹ ಕಂಬ ಒಂದು. ನಡುವಿನ ಭುವನೇಶ್ವರಿಯನ್ನು, ಅಂದರೆ ಚಾವಣಿಯ ಗುಮ್ಮಟದಂಥ ಕೆತ್ತನೆಯನ್ನು, ತಲೆಯೆತ್ತಿ ನೋಡಬೇಡಿ ಎಂದು ಹಿರಿಯರಿಗೆ ಹೇಳುವುದು ಕಷ್ಟ. ಕತ್ತು ಹಿಂದಕ್ಕೆ ಬಾಗಿಸಿದರೆ ಅವರಲ್ಲಿ ಹಲವರಿಗೆ ತಲೆ ಸುತ್ತುತ್ತದೆ. ಕೈಗನ್ನಡಿ ಬೇಕಾದದ್ದು ಇಲ್ಲಿ. ಎದೆಯ ಮಟ್ಟದಲ್ಲಿ ಅಂಗಾತ ಹಿಡಿಯಿರಿ, ನೀವು ಟಾರ್ಚನ್ನು ಮೇಲಕ್ಕೆ ಬಿಡಿ. ಅಂಗೈಯಗಲದ ಗಾಜಿನೊಳಗೆ ಸುತ್ತು ಸುತ್ತಾದ ಚಾವಣಿ ಇಳಿದು ಬರುತ್ತದೆ. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದರೆ ಒಂದೊಂದು ಸುತ್ತೂ ಸರಿದು ಕಾಣುತ್ತದೆ. ತಲೆಯೆತ್ತಿ ನಿಂತವರಿಗಿಂತ ಹೆಚ್ಚು ಹೊತ್ತು, ಹೆಚ್ಚು ಚೆನ್ನಾಗಿ ನೋಡುವವರು ಕನ್ನಡಿ ಹಿಡಿದವರೇ.

ಹೊರಗೆ ಬಂದ ಮೇಲೆ ನೆರಳನ್ನು ಹಿಂಬಾಲಿಸಿ. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿರುವುದರಿಂದ ಗುಡಿಯ ಹಿಂಬದಿ, ಅಂದರೆ ಪಡುವಣ ಗೋಡೆ, ತನ್ನದೇ ನೆರಳಿನಲ್ಲಿರುತ್ತದೆ. ಹೆಚ್ಚು ಹೊತ್ತು ಅಲ್ಲೇ ಕಳೆಯಿರಿ.

ಮದನಿಕೆಯರ ವಿಷಯಕ್ಕೆ ಬರೋಣ. ಸೂರಿನ ಕೆಳಗೆ ಓರೆಯಾಗಿ ಆನಿಸಿರುವ ಸುಂದರಿಯರ ಶಿಲ್ಪಗಳಿವು, ಹೊರಗೆ 38, ಒಳಗೆ ನಾಲ್ಕು. ಇವು ಎತ್ತರದಲ್ಲಿರುವುದರಿಂದ ಗೋಡೆಯ ಬುಡದಲ್ಲಿ ನಿಂತರೆ ಕತ್ತು ನೋಯುವುದೇ ಹೊರತು ಮುಖ ಸರಿಯಾಗಿ ಕಾಣದು. ಅಂಗಳಕ್ಕೆ ಇಳಿದು, ದೂರದಲ್ಲಿ ಕುಳಿತು ದುರ್ಬೀನು ಹಿಡಿದರೆ ದರ್ಪಣಸುಂದರಿಯ ಬಳೆ, ಕನ್ನಡಿಯ ಅಂಚು ಕೂಡ ಹತ್ತಿರ ಬರುತ್ತವೆ. ಹಾಗಾಗಿ ಜಗತಿ ಹತ್ತಲಾಗದವರು ಬೇಲೂರಿನ ಸೊಗಸನ್ನು ಕಳೆದುಕೊಳ್ಳುವುದಿಲ್ಲ. ಅವರನ್ನು ಅಂಗಳದಲ್ಲಿ ಕೂರಿಸಿ, ದುರ್ಬೀನು ಕೊಟ್ಟು, ಒಬ್ಬರು ಜೊತೆಯಲ್ಲಿ ಉಳಿಯಿರಿ. ಒಂಟಿಯಾಗಿ ಬಿಡಬೇಡಿ, ಬೇಸರಕ್ಕಿಂತ ‘ನಾನು ಹೊರೆಯಾದೆ’ ಎಂಬ ಭಾವ ಅವರನ್ನು ಬಾಧಿಸುತ್ತದೆ.

ಪುಷ್ಕರಿಣಿಯ ಮೆಟ್ಟಿಲು ಇಳಿಯುವುದು ಬೇಡ, ದಡದಿಂದ ನೋಡಿದರೆ ಸಾಕು. ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯ ಅದೇ ಅಂಗಳದಲ್ಲಿದೆ. ಕಾಲಲ್ಲಿ ಬಲವಿದ್ದರೆ ಮಾತ್ರ.

7. ಮಧ್ಯಾಹ್ನ: ಮೂರು ಗಂಟೆ ಏನೂ ಮಾಡಬೇಡಿ

ಈ ಹಂತವನ್ನೇ ಜನ ಬಿಟ್ಟುಬಿಡುತ್ತಾರೆ. ‘ಹತ್ತಿರದಲ್ಲೇ ಇದೆಯಲ್ಲ, ಹಳೇಬೀಡನ್ನೂ ನೋಡಿ ಆಮೇಲೆ ಊಟ ಮಾಡೋಣ’ ಎಂದು ಹನ್ನೆರಡರ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಡೆಸುತ್ತಾರೆ. ಹಾಗೆ ಮಾಡಿದವರ ಹಿರಿಯರು ಹಳೇಬೀಡಿನಲ್ಲಿ ಕಾರಿನಿಂದ ಇಳಿಯುವುದೇ ಇಲ್ಲ.

ಬೇಲೂರಿನಲ್ಲಿ ಅರ್ಧ ದಿನಕ್ಕೆ ಒಂದು ಕೋಣೆ ತೆಗೆದುಕೊಳ್ಳಿ. ಪ್ರವಾಸೋದ್ಯಮ ನಿಗಮದ ಮಯೂರ ವೇಲಾಪುರಿ ಗುಡಿಗೆ ಸಮೀಪ. ಖಾಸಗಿ ವಸತಿಗೃಹಗಳೂ ಇವೆ. ಫೋನ್ ಮಾಡಿ ಮೂರನ್ನು ಕೇಳಿ: ಕೋಣೆ ನೆಲಮಾಳಿಗೆಯ ಮಟ್ಟದಲ್ಲೋ ಮಹಡಿಯಲ್ಲೋ ಅಲ್ಲ, ನೆಲದ ಮಟ್ಟದಲ್ಲೇ ಇದೆಯೇ? ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ? ಸ್ನಾನದ ಮನೆಯ ನೆಲ ಒಣಗಿದೆಯೇ? ಈ ಖರ್ಚು ದುಂದಲ್ಲ. ಹಗುರ ಊಟ, ಮಾತ್ರೆ, ಕಾಲು ಚಾಚಿ ಒಂದೂವರೆ ಗಂಟೆ ನಿದ್ದೆ. ಇಷ್ಟಾದರೆ ಸಂಜೆ ಅವರು ನಿಮಗಿಂತ ಮುಂದೆ ನಡೆಯುತ್ತಾರೆ. ಎದ್ದ ಮೇಲೆ ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂತು ನಿಲ್ಲಲಿ. ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ, ಒತ್ತಡದ ಮಾತ್ರೆ ನುಂಗುವವರಿಗೆ ಇದು ಇನ್ನೂ ಹೆಚ್ಚು.

8. ಸಂಜೆ ಹಳೇಬೀಡು: ಮೂರರಿಂದ ಐದೂವರೆ

ಮೊದಲು ವಸ್ತು ಸಂಗ್ರಹಾಲಯ, ಆಮೇಲೆ ಗುಡಿ. ಸಂಗ್ರಹಾಲಯ ಗುಡಿಯ ಆವರಣದಲ್ಲೇ ಇದೆ, ಗುಡಿಗಿಂತ ಬೇಗ ಮುಚ್ಚುತ್ತದೆ.

ಹೊಯ್ಸಳೇಶ್ವರ ದ್ವಿಕೂಟ, ಅಂದರೆ ಎರಡು ಗರ್ಭಗುಡಿಗಳ ಜೋಡಿ: ಒಂದು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ. ಎರಡರ ಮುಂದೆಯೂ ಪೂರ್ವಕ್ಕೆ ಒಂದೊಂದು ನಂದಿ ಮಂಟಪ. ಮಧ್ಯಾಹ್ನದ ಹೊತ್ತು ಪೂರ್ವದ ಕಡೆಗೆ ಗುಡಿಯ ನೆರಳು ಬೀಳುತ್ತದೆ. ಒಳಾಂಗಣ, ನಂದಿ ಮಂಟಪಗಳನ್ನು ಮೊದಲು ನೋಡಿ, ಮಂಟಪದ ತಂಪಿನಲ್ಲಿ ಕೂರಿಸಿ. ಪಡುವಣ ಗೋಡೆಗೆ ನಾಲ್ಕರ ನಂತರವೇ ಹೋಗಿ. ಬಿಸಿಲು ಇಳಿದಿರುತ್ತದೆ; ಓರೆ ಬೆಳಕು ಬಿದ್ದು ಒಂದೊಂದು ಹಾರ, ಒಂದೊಂದು ಬೆರಳೂ ಎದ್ದು ಕಾಣುತ್ತದೆ.

ಹಳೇಬೀಡನ್ನು ಕುಳಿತು ನೋಡಬೇಕು. ಗೋಡೆಯ ಕೆಳಭಾಗದಲ್ಲಿ ಪಟ್ಟಿಗಳು ಒಂದರ ಮೇಲೊಂದು: ಅಡಿಯಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ನಿಂತವರು ಮೇಲಿನ ದೊಡ್ಡ ಮೂರ್ತಿಗಳನ್ನು ನೋಡಿ ಮುಂದೆ ಹೋಗುತ್ತಾರೆ. ಸ್ಟೂಲಿನ ಮೇಲೆ ಕುಳಿತವರ ಕಣ್ಣಿಗೆ ಈ ಪಟ್ಟಿಗಳು ನೇರವಾಗಿ ಸಿಗುತ್ತವೆ. ಒಂದೇ ಸಾಲಿನ ಎರಡು ಆನೆಗಳನ್ನು ಹೋಲಿಸಿ ನೋಡಲು ಹೇಳಿ. ಸೊಂಡಿಲಿನ ಮಡಿಕೆ ಒಂದರಂತೆ ಇನ್ನೊಂದಿಲ್ಲ. ಕಥೆಯ ಪಟ್ಟಿಯ ಮುಂದೆ ನೀವು ಸುಮ್ಮನಿರಿ. ಗಮಕ, ಹರಿಕಥೆ, ಯಕ್ಷಗಾನ ಕೇಳಿ ಬೆಳೆದ ತಲೆಮಾರು ಅದು. ಚಕ್ರವ್ಯೂಹವನ್ನು ಅವರೇ ಗುರುತಿಸಿ ನಿಮಗೆ ಹೇಳುತ್ತಾರೆ.

ಎಚ್ಚರಿಕೆ: ಗೋಡೆ ಹೊಯ್ಸಳರ ನಕ್ಷತ್ರಾಕಾರದಂತೆ ಒಳಗೆ ಹೊರಗೆ ಮುರಿದು ಸಾಗುತ್ತದೆ, ಜಗತಿಯೂ ಹಾಗೆಯೇ. ಫೋಟೊಗಾಗಿ ಹಿಂದೆ ಹಿಂದೆ ಸರಿಯುವವರು ಅಂಚಿನಿಂದ ಬೀಳುವ ಅಪಾಯವಿದೆ. ಫೋಟೊ ತೆಗೆಯುವವರು ಅಂಗಳದಲ್ಲಿರಲಿ, ಹಿರಿಯರು ಗೋಡೆಯ ಕಡೆಗಿರಲಿ. ಆಸರೆಗೆಂದು ಶಿಲ್ಪ ಹಿಡಿಯುವುದು ಬೇಡ; ಶಿಲ್ಪಕ್ಕೂ ಒಳ್ಳೆಯದಲ್ಲ, ನಿಮ್ಮ ತೋಳು ಇರುವುದೇ ಅದಕ್ಕೆ.

ಇನ್ನೂ ಉತ್ಸಾಹವಿದ್ದರೆ ಸಮೀಪದ ಬಸದಿಗಳಿಗೆ ಕಾರಿನಲ್ಲಿ ಹೋಗಿ. ಪಾರ್ಶ್ವನಾಥ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು, ಜನ ಕಡಿಮೆ. ‘ಸಾಕು’ ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ, ‘ಇನ್ನೊಂದೇ’ ಎನ್ನಬೇಡಿ.

9. ಮೆಟ್ಟಿಲೇ ಬೇಡ ಎನ್ನುವವರಿಗೆ

ಹಾಸನ–ಬೇಲೂರು ರಸ್ತೆಯಿಂದ ತುಸು ಒಳಗೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಇದೆ. ಹನ್ನೆರಡನೆಯ ಶತಮಾನದ ಆರಂಭದ್ದು, ಬೇಲೂರಿಗಿಂತ ತುಸು ಹಳೆಯದು, ನಾಲ್ಕು ಗರ್ಭಗುಡಿಗಳ ಚತುಷ್ಕೂಟ. ಇದಕ್ಕೆ ಜಗತಿಯೇ ಇಲ್ಲ, ಪಕ್ಕದಲ್ಲಿ ಕೆರೆ, ಗದ್ದಲವಿಲ್ಲ. ಬೇಲೂರಿನ ಜೊತೆಗೆ ಇದನ್ನೂ ಸೇರಿಸಬೇಡಿ. ಎರಡು ಗುಡಿಗಳಲ್ಲಿ ಒಂದರ ಬದಲಿಗೆ ಇಟ್ಟುಕೊಳ್ಳಿ. ಮೈಸೂರಿನವರು ಅರ್ಧ ದಿನ ಸಾಕೆಂದರೆ ಸೋಮನಾಥಪುರಕ್ಕೆ ಹೋಗಬಹುದು. 1268ರ ಈ ತ್ರಿಕೂಟದಲ್ಲಿ ಪೂಜೆಯಿಲ್ಲ, ಬಾಗಿಲು ಹಾಕುವ ಆತಂಕವೂ ಇಲ್ಲ; ಆದರೆ ಅಲ್ಲಿ ಜಗತಿ ಹತ್ತಬೇಕು.

10. ರಾತ್ರಿ ಮಲಗುವ ಮುನ್ನ

ಹಾಸನಕ್ಕೆ ಮರಳಿದ ಮೇಲೆ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತರಿಸಿ, ಅವರ ಪಾದ ತೊಳೆದು ಒರೆಸಿ. ಸಕ್ಕರೆ ಕಾಯಿಲೆಯಿರುವವರ ಪಾದವನ್ನು ದೀಪದ ಬೆಳಕಿನಲ್ಲಿ ನೀವೇ ನೋಡಬೇಕು. ಸ್ಪರ್ಶ ಕುಂದಿದ ಪಾದಕ್ಕೆ ಕಲ್ಲಿನ ಬಿಸಿಯೂ ಗೊತ್ತಾಗದು, ಚುಚ್ಚಿದ ಹರಳೂ ಗೊತ್ತಾಗದು. ‘ಏನೂ ಆಗಿಲ್ಲ’ ಎಂಬ ಅವರ ಮಾತನ್ನು ಇಲ್ಲಿ ಮಾತ್ರ ನಂಬಬೇಡಿ. ಹಿಮ್ಮಡಿ, ಹೆಬ್ಬೆರಳಿನ ಬುಡ, ಬೆರಳ ಸಂದು ಮೂರನ್ನೂ ನೋಡಿ. ನೀರುಗುಳ್ಳೆ ಇದ್ದರೆ ಒಡೆಯಬೇಡಿ, ಶುಭ್ರ ಬಟ್ಟೆ ಸುತ್ತಿ ಮರುದಿನ ಬೆಳಿಗ್ಗೆಯೇ ಹಾಸನದಲ್ಲಿ ವೈದ್ಯರಿಗೆ ತೋರಿಸಿ. ಊರಿಗೆ ಹೊರಡುವುದು ಆಮೇಲೆ.